ತಪಾಸಣೆ ಮಾಡಿ, ಆದರೆ ನನ್ನ ಕಾಲು ಬಿಚ್ಚಿಸಬೇಡಿ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ, ಧಾರವಾಡದಿಂದ ನಿವೃತ್ತ ಶಿಕ್ಷಕಿಯೊಬ್ಬಳ ನಮಸ್ಕಾರಗಳು.

ರಸ್ತೆ ಅಪಘಾತವಾಗಿ ನನ್ನ ಬಲಗಾಲನ್ನು ಮೊಣಕಾಲಿನ ಮೇಲಿಂದ ತೆಗೆದಿದ್ದಾರೆ. ಕೃತಕ ಕಾಲಿನಲ್ಲಿ ನಡೆಯುತ್ತೇನೆ. ಮಗಳು ದಿಲ್ಲಿಯಲ್ಲಿದ್ದಾಳೆ, ಹಾಗಾಗಿ ವಿಮಾನ ಹತ್ತದೆ ವಿಧಿಯಿಲ್ಲ. ಕಾಲಿನೊಳಗೆ ಲೋಹದ ಕೊಳವೆ ಇರುವುದರಿಂದ ಲೋಹಶೋಧಕದ ಚೌಕಟ್ಟು ದಾಟಿದಾಗಲೆಲ್ಲ ಬೀಪ್ ಎನ್ನುತ್ತದೆ. ಎನ್ನಲಿ. ಕನಿಷ್ಕ ವಿಮಾನ ಸ್ಫೋಟ, ಕಂದಹಾರ್ ವಿಮಾನ ಅಪಹರಣದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿ ನಡುಗಿದವಳು ನಾನು. ತಪಾಸಣೆಯೇ ಬೇಡ ಎನ್ನುತ್ತಿಲ್ಲ. ಕಾಲು ಬಿಚ್ಚಿಸಬೇಡಿ ಎನ್ನುತ್ತಿದ್ದೇನೆ.

ಒಂದು ನಿಲ್ದಾಣದಲ್ಲಿ ಕಾಲಿನ ಮೇಲೆ ಪಟ್ಟಿಯೊಂದನ್ನು ಸವರಿ, ಸ್ಫೋಟಕದ ಕಣ ಪತ್ತೆಹಚ್ಚುವ ಯಂತ್ರಕ್ಕೆ ಹಾಕಿ ನೋಡಿ, ‘ಹೋಗಿಬನ್ನಿ ಅಮ್ಮಾ’ ಎಂದು ಕಳಿಸುತ್ತಾರೆ. ಇನ್ನೊಂದು ನಿಲ್ದಾಣದಲ್ಲಿ ಅದೇ ಕಾಲನ್ನು ಬಿಚ್ಚಬೇಕು. ದೇಶ ಒಂದೇ, ನಿಯಮ ಒಂದೇ ಅಲ್ಲವೇ?

ಕಳೆದ ತಿಂಗಳು ನಡೆದದ್ದನ್ನು ಹೇಳುತ್ತೇನೆ. ಪರದೆಯ ಹಿಂದೆ ಕರೆದೊಯ್ದರು. ಅಂಗವಿಕಲರ ಗುರುತಿನ ಚೀಟಿ ತೋರಿಸಿದೆ, ವೈದ್ಯರ ಪತ್ರ ತೋರಿಸಿದೆ. ತಪಾಸಣೆಯ ಹುಡುಗಿ ನನ್ನ ಶಿಷ್ಯೆಯರ ವಯಸ್ಸಿನವಳು, ಅವಳಿಗೂ ಮುಜುಗರವಾಗಿತ್ತು. ಆದರೂ ‘ಮೇಲಿನವರು ಹೇಳಿದ್ದಾರೆ’ ಎಂದಳು. ಕೂರಲು ಕುರ್ಚಿ ಇರಲಿಲ್ಲ. ಸೀರೆಯನ್ನು ತೊಡೆಯವರೆಗೆ ಎತ್ತಿ, ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಂತೆ. ನನ್ನ ಕಾಲನ್ನು ಟ್ರೇಯಲ್ಲಿಟ್ಟು, ಜನರ ಬೂಟು ಬೆಲ್ಟುಗಳ ಸಾಲಿನಲ್ಲಿ ಎಕ್ಸ್‌ರೇ ಯಂತ್ರಕ್ಕೆ ಕಳಿಸಿದರು. ಪರದೆ ಅರ್ಧ ಸರಿದಿತ್ತು, ಸಾಲಿನಲ್ಲಿದ್ದವರು ನೋಡಿದರು. ಅರವತ್ತು ದಾಟಿದ ಹೆಂಗಸು ನಾನು, ಸಚಿವರೇ. ಆ ಕಾಲನ್ನು ಮತ್ತೆ ಹಾಕಿಕೊಳ್ಳುವಾಗ ಮೊಂಡುಗಾಲಿಗೆ ತೊಡುವ ಒಳಗಿನ ಚೀಲ ಒಂದು ಸುಕ್ಕೂ ಇಲ್ಲದೆ ಕೂರಬೇಕು. ಅತ್ತ ನನ್ನ ವಿಮಾನದ ಕೊನೆಯ ಕರೆ ಕೂಗುತ್ತಿದ್ದರು. ಗಡಿಬಿಡಿಯಲ್ಲಿ ಹಾಕಿಕೊಂಡೆ. ಮನೆ ಸೇರುವಷ್ಟರಲ್ಲಿ ಗಾಯವಾಗಿತ್ತು.

ನಿಮಗೆ ತಿಳಿಯದ ಸಂಗತಿಗಳೇನೂ ಇಲ್ಲಿಲ್ಲ. 2021ರ ಅಕ್ಟೋಬರಿನಲ್ಲಿ ಕೃತಕ ಕಾಲಿನಲ್ಲೇ ಕುಣಿಯುವ ನೃತ್ಯಗಾತಿ ಸುಧಾ ಚಂದ್ರನ್ ಇದೇ ನೋವನ್ನು ಪ್ರಧಾನಿಯವರಿಗೆ ಹೇಳಿಕೊಂಡರು, ನಿಲ್ದಾಣಗಳಲ್ಲಿ ತಪಾಸಣೆ ಮಾಡುವ ಭದ್ರತಾ ಪಡೆ ಸಿಐಎಸ್‌ಎಫ್ ಕ್ಷಮೆ ಕೇಳಿತು. ಆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮಾನವ ಘನತೆಯ ದೃಷ್ಟಿಯಿಂದ ವಿಮಾನ ನಿಲ್ದಾಣಗಳಲ್ಲಿ ಕೃತಕ ಅಂಗ ಬಿಚ್ಚಿಸಬಾರದು ಎಂದಿತು. 2020ರ ಮಾರ್ಚ್ ಒಳಗೆ 84 ನಿಲ್ದಾಣಗಳಲ್ಲಿ, ಬಟ್ಟೆಯಡಿ ಬಚ್ಚಿಟ್ಟದ್ದನ್ನು ತೋರಿಸುವ ಬಾಡಿ ಸ್ಕ್ಯಾನರ್ ಹಾಕಬೇಕೆಂದು ನಿಮ್ಮ ವಿಮಾನಯಾನ ಭದ್ರತಾ ಬ್ಯೂರೋ 2019ರಲ್ಲೇ ಸೂಚಿಸಿತ್ತು. ನಾನು ಹೋದಲ್ಲೆಲ್ಲ ಈಗಲೂ ಆ ಹಳೆಯ ಚೌಕಟ್ಟೇ. ಅದಕ್ಕೆ ಗೊತ್ತಾಗುವುದು ಲೋಹವಿದೆ ಎಂಬುದಷ್ಟೇ. ಸ್ಫೋಟಕದ ಅನುಮಾನವಿದ್ದರೆ ಪಟ್ಟಿ ಸವರಿ ನೋಡಿದರಾಯಿತು, ಅದಕ್ಕೆ ಕಾಲು ಬಿಚ್ಚಬೇಕಿಲ್ಲ.

ದೂರು ಕೊಟ್ಟರೆ ನಿಲ್ದಾಣದವರು ಸಿಐಎಸ್‌ಎಫ್ ಕಡೆ ಕೈ ತೋರಿಸುತ್ತಾರೆ, ಸಿಐಎಸ್‌ಎಫ್‌ನವರು ಬ್ಯೂರೋ ನಿಯಮ ಎನ್ನುತ್ತಾರೆ. ಸಿಬ್ಬಂದಿ ಗೃಹ ಸಚಿವಾಲಯದವರಿರಬಹುದು, ನಿಯಮ ಬರೆಯುವ ಬ್ಯೂರೋ ನಿಮ್ಮದೇ. ಇನ್ನು ಯಾರ ಬಾಗಿಲಿಗೆ ಹೋಗಲಿ? ಸಾಕಾಗಿದೆ.

ಕಾಲು ಬಿಚ್ಚಿಸಬೇಡಿ. ಬಿಚ್ಚಿಸಬಾರದೆಂಬ ಆದೇಶವನ್ನು ಪ್ರತಿಯೊಂದು ತಪಾಸಣಾ ಜಾಗದಲ್ಲೂ ಆಯಾ ರಾಜ್ಯದ ಭಾಷೆಯಲ್ಲಿ, ಕಣ್ಣಿಗೆ ಬೀಳುವಂತೆ ಹಾಕಿಸಿ. ಅದನ್ನು ಮೀರಿ ಬಿಚ್ಚಲು ಹೇಳುವ ಅಧಿಕಾರಿ ಕಾರಣ ಬರೆದು, ಸಹಿ ಮಾಡಿ, ಪ್ರಯಾಣಿಕರ ಕೈಗೆ ಕೊಡಲಿ. ದೀಪಾವಳಿಗೆ ಮತ್ತೆ ಮಗಳ ಮನೆಗೆ ಹೊರಡಬೇಕು. ಅಷ್ಟರೊಳಗೆ ಈ ಆದೇಶ ಬರಲಿ.

ಇಂತಿ,
ನಿವೃತ್ತ ಶಿಕ್ಷಕಿ, ಧಾರವಾಡ