ಸೋಲಾರ್ ಕೊಳ್ಳುವ ಮುನ್ನ ಬೋರಿನ ನೀರು ನೋಡಿ

ಮಾನ್ಯರೇ,

ಮಾಳಿಗೆ ಮೇಲೆ ನೀರು ಕಾಯಿಸುವ ಸೋಲಾರ್ ಕೂಡಿಸುವವರು ಎಷ್ಟು ಲೀಟರಿನದು, ಎಷ್ಟು ರೇಟು ಎಂದು ಕೇಳಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮನೆಗೆ ಯಾವ ನೀರು ಬರುತ್ತದೆಂದು ಮಾರುವವರೂ ಕೇಳುವುದಿಲ್ಲ. ವಿಜಯಪುರದಂಥ ಊರಿನಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಗಡಸು ನೀರು 60 ಡಿಗ್ರಿ ದಾಟಿ ಕಾದರೆ ಅದರಲ್ಲಿ ಕರಗಿದ ಸುಣ್ಣದಂಶ ಹೊರಬಿದ್ದು ಗಟ್ಟಿಯಾಗಿ ಅಂಟುತ್ತದೆ. ಪ್ಲೇಟ್ ಮಾದರಿಯ ಪ್ಯಾನೆಲ್‌ನೊಳಗೆ ನೀರು ಹರಿಯುವುದು ಅರ್ಧ ಇಂಚಿನ ತಾಮ್ರದ ಕೊಳವೆಗಳಲ್ಲಿ. ಅಲ್ಲಿ ಪದರು ಕಟ್ಟಿತೆಂದರೆ ಕಾದ ನೀರು ತಾನಾಗಿ ಮೇಲೇರಿ ಟ್ಯಾಂಕ್ ಸೇರುವುದು ನಿಲ್ಲುತ್ತದೆ. ಪ್ಯಾನೆಲ್ ಸುಡುತ್ತಿದ್ದರೂ ಬಚ್ಚಲಿಗೆ ಬರುವುದು ಉಗುರುಬೆಚ್ಚಗಿನ ನೀರು. ಹೊಳೆ ನೀರಿನ ಮನೆಗೆ ಪ್ಲೇಟ್ ಒಳ್ಳೆಯದು, ಬಾಳಿಕೆಯೂ ಹೆಚ್ಚು. ಬೋರನ್ನೇ ನಂಬಿದವರು, ಗಡಸುತನ ಲೀಟರಿಗೆ 300 ಮಿಲಿಗ್ರಾಂ ಮೀರಿದ್ದರೆ, ಗಾಜಿನ ಟ್ಯೂಬಿನದನ್ನೇ ಕೂಡಿಸಲಿ. ಅದರ ತಳದಲ್ಲೂ ಹೂಳು ಕೂಡುತ್ತದೆ, ಆದರೆ ಟ್ಯೂಬ್ ಕಳಚಿ ತೊಳೆಯಬಹುದು. ಟ್ಯೂಬಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣವಿರುತ್ತದೆ. ಅದು ಹಾಲಿನಂತೆ ಬೆಳ್ಳಗಾದರೆ ಎರಡು ಗಾಜುಗಳ ನಡುವಿನ ನಿರ್ವಾತ ಹೋಗಿದೆ ಎಂದರ್ಥ, ಬದಲಿಸಲೇಬೇಕು. ಮಧ್ಯಾಹ್ನದ ಬಿಸಿಲಲ್ಲಿ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಪಟ್ಟನೆ ಸೀಳುತ್ತದೆ. ತುಂಬಿಸುವುದು ಬೆಳಗಿನ ಜಾವವೇ ಆಗಲಿ.

ಇನ್ನು ಗಿರಾಕಿಗೆ ತೋರಿಸದೇ ಹೋಗುವ ಭಾಗವೊಂದಿದೆ: ಟ್ಯಾಂಕಿನೊಳಗಿನ ಮೆಗ್ನೀಸಿಯಂ ರಾಡ್. ತಾನು ಸವೆದು ತಗಡನ್ನು ತುಕ್ಕಿನಿಂದ ಉಳಿಸುವುದೇ ಅದರ ಕೆಲಸ. ಸವಳು ನೀರಿನಲ್ಲಿ ಬೇಗ ಕರಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ನಡುವಿನ ತಂತಿ ಕಾಣುವಷ್ಟು ಸವೆದಿದ್ದರೆ ಹೊಸದು ಹಾಕಬೇಕು. ಬಿಟ್ಟರೆ ಮುಂದಿನ ಪೆಟ್ಟು ಬೆಸುಗೆಯ ಮೇಲೆ. ಅಲ್ಲಿ ಸೋರಲು ಹತ್ತಿದ ಟ್ಯಾಂಕಿಗೆ ಮಾಡಿದ ರಿಪೇರಿ ಬಹಳ ದಿನ ನಿಲ್ಲದು.

ಬಿಸಿನೀರಿನ ಟ್ಯಾಂಕಿಗೆ ಗಾಳಿಯಾಡಲೆಂದು ಮೇಲೆ ನಿಲ್ಲಿಸುವ ಗಾಳಿ ಪೈಪಿನ ಬಾಯಿ ತಣ್ಣೀರಿನ ಟ್ಯಾಂಕಿನ ತುಂಬು ಮಟ್ಟಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಬಿಸಿನೀರೇ ಚೆಲ್ಲಿಹೋಗುತ್ತದೆ. ನೀರು ಚೆಲ್ಲುತ್ತದೆಂದು ಅದನ್ನು ಮುಚ್ಚುವುದಾಗಲಿ, ವಾಲ್ವ್ ಹಾಕುವುದಾಗಲಿ ಸಲ್ಲದು. ನೀರು ಎಳೆದಾಗ ಗಾಳಿ ಒಳಬಾರದೆ ಹೋದರೆ ತೆಳು ತಗಡಿನ ಒಳಟ್ಯಾಂಕ್ ಎಣ್ಣೆ ಡಬ್ಬಿಯಂತೆ ಒಳಕ್ಕೆ ಜಜ್ಜಿಹೋಗುತ್ತದೆ.

ಮಾರುವವರು ಕೊಟೇಶನ್ನಿನಲ್ಲಿ ಲೀಟರಿನ ಜತೆಗೆ ಟ್ಯಾಂಕಿನ ತಗಡು ಯಾವುದು, ರಾಡ್ ಇದೆಯೋ ಇಲ್ಲವೋ, ಗ್ಯಾರಂಟಿ ಬೋರ್ ನೀರಿಗೂ ಸಲ್ಲುತ್ತದೆಯೋ ಎಂಬುದನ್ನು ಕನ್ನಡದಲ್ಲೇ ಬರೆದುಕೊಡಲಿ. ರಾಡ್ ಹಾಕಿದ ತಿಂಗಳು, ವರ್ಷವನ್ನು ಟ್ಯಾಂಕಿನ ಮೇಲೇ ಪೇಂಟಿನಲ್ಲಿ ಬರೆಯಲಿ.

– ಒಬ್ಬ ಸೋಲಾರ್ ಮೆಕ್ಯಾನಿಕ್, ವಿಜಯಪುರ