‘ಬಿಸಿಲೇ ಗೊತ್ತಾಗುವುದಿಲ್ಲ’ ಎಂದು ಬರೆದ ಅಳಿಯನಿಗೆ

ಚಿರಂಜೀವಿ ಬಸವರಾಜನಿಗೆ ಸೋದರಮಾವನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಬರೆಯುತ್ತಿರುವುದು ನಿನ್ನ ಪತ್ರದ ಒಂದೇ ಸಾಲಿಗಾಗಿ. ಕಲಬುರಗಿಯ ಮೇ ತಿಂಗಳಲ್ಲಿ, ಸಂಜೆ ನಾಲ್ಕಕ್ಕೆ ಎರಡು ಲೋಟ ಗಟ್ಟಿ ಕಾಫಿ ಕುಡಿದು 1600 ಮೀಟರ್ ಓಟದ ಅಭ್ಯಾಸಕ್ಕೆ ಇಳಿದರೆ ‘ಬಿಸಿಲೇ ಗೊತ್ತಾಗುವುದಿಲ್ಲ’ ಎಂದಿದ್ದೀಯೆ. ಆದರೆ ಕಾಫಿಯಿಂದ ಮೈಯ ನೀರು ಬತ್ತೀತೇ ಎಂದು ಅಂಜಿದ್ದೀಯೆ.

ಆ ಅಂಜಿಕೆ ಅಷ್ಟಾಗಿ ಬೇಡ. 2014ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕಾಫಿ ರೂಢಿಯಿದ್ದ 50 ಗಂಡಸರಿಗೆ ಕೆಲವು ದಿನ ನಾಲ್ಕು ಕಪ್ ಕಾಫಿಯನ್ನೂ ಕೆಲವು ದಿನ ಅಷ್ಟೇ ನೀರನ್ನೂ ಕೊಟ್ಟು ನೋಡಿದಾಗ, ದೇಹದ ನೀರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಓಡುವಾಗಲಂತೂ, ಕಾಫಿ-ಚಹಾಗಳಲ್ಲಿರುವ ಕೆಫೀನ್ ಎಂಬ ವಸ್ತುವಿನ ಮೂತ್ರ ಹೆಚ್ಚಿಸುವ ಗುಣ ಬಹುತೇಕ ಅಡಗುತ್ತದೆ. ನನ್ನ ನಿದ್ದೆ ಕೆಡಿಸಿದ್ದು ‘ಗೊತ್ತಾಗುವುದಿಲ್ಲ’ ಎಂಬ ಮಾತು. ಮೈ ದಣಿದಂತೆ ಮಿದುಳಿಗೆ ‘ಸಾಕು’ ಎಂದು ತಿಳಿಸುವುದರಲ್ಲಿ ಅಡೆನೊಸಿನ್ ಎಂಬ ವಸ್ತುವಿನ ಪಾತ್ರವಿದೆ. ಕೆಫೀನ್ ಅದರ ಜಾಗದಲ್ಲಿ ಕುಳಿತು ಆ ಸುದ್ದಿ ಮುಟ್ಟದಂತೆ ಮಾಡುತ್ತದೆ. ಮೈಯ ಕಾವು ಮಾತ್ರ ಏರುತ್ತಲೇ ಇರುತ್ತದೆ.

ನಾನು ದೈಹಿಕ ಶಿಕ್ಷಕನಾಗಿದ್ದಾಗ, ಓಟದ ನಡುವೆ ನೀರು ಕುಡಿಯಬಾರದೆಂದು ಮಕ್ಕಳನ್ನು ಗದರಿಸುತ್ತಿದ್ದೆ. ನನಗೆ ಕಲಿಸಿದವರು ಹಾಗೆಯೇ ಕಲಿಸಿದ್ದರು. ಒಂದು ಏಪ್ರಿಲ್‌ನಲ್ಲಿ ಕಡಕ್ ಚಹಾ ಕುಡಿದು ಬಂದಿದ್ದ ಹುಡುಗನೊಬ್ಬ ‘ನನಗೇನೂ ಆಗಿಲ್ಲ ಸರ್’ ಎಂದಾಗ, ಅವನ ಮಾತನ್ನು ನಂಬಿ ಇನ್ನೂ ಎರಡು ಸುತ್ತು ಓಡಿಸಿದೆ. ಅವನು ಮಾತು ತೊದಲುತ್ತ, ಗೆರೆ ಬಿಟ್ಟು ಅಡ್ಡಾದಿಡ್ಡಿ ನಡೆದು ಕುಸಿದ. ಮೈತುಂಬ ಬೆವರಿದ್ದುದರಿಂದ ಬಿಸಿಲ ಹೊಡೆತವಲ್ಲವೆಂದು ತಿಳಿದು ತಣ್ಣೀರು ಸುರಿಯಲೂ ತಡಮಾಡಿದೆ. ಓಡಿ ಬಿಸಿಲು ಬಡಿದವನು ಬೆವರುತ್ತಲೇ ಬೀಳಬಹುದೆಂದು ಆಗ ನನಗೆ ತಿಳಿದಿರಲಿಲ್ಲ. ಅವನು ಬದುಕಿದ. ಅವನು ಹೇಳಿದ್ದು ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನಿನ್ನ ಪತ್ರದಲ್ಲಿ ನನಗೆ ಅದೇ ಮಾತು ಕೇಳಿಸಿತು.

ದೂರದಲ್ಲಿ ಕುಳಿತು ಹೇಳಲು ಸಂಕೋಚವಾಗುತ್ತದೆ. ಆದರೂ ಸಾಧ್ಯವಾದರೆ ಓಟವನ್ನು ಬೆಳಗಿನ ತಂಪಿಗೆ ಬದಲಿಸು, ಕಾಫಿ ಒಂದೇ ಲೋಟವಿರಲಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ಬಳಿಕವೂ ಮೈಯಲ್ಲಿ ಉಳಿಯುವುದರಿಂದ ಸಂಜೆಯ ಕಾಫಿ ನಿದ್ದೆಗೂ ಅಡ್ಡಿ. ಓಟದ ಮೊದಲು ಮತ್ತು ನಂತರ ತೂಕ ನೋಡಿಕೋ. ನಿನ್ನಂಥ 60 ಕಿಲೋದವನು 1.2 ಕಿಲೋ ಇಳಿದಿದ್ದರೆ ನೀರು ಸಾಲದೆಂದು ಅರ್ಥ. ಉಪ್ಪು ಹಾಕಿದ ಮಜ್ಜಿಗೆಯೂ ಆದೀತು.

ಮೈದಾನದಲ್ಲಿ ನಿನ್ನ ಮುಖ ನೋಡಿ ‘ನಿಲ್ಲು’ ಎನ್ನುವವರು ಯಾರಾದರೂ ಇರುತ್ತಾರೆಯೇ? ಅದನ್ನು ನೀನು ಬರೆದಿಲ್ಲ. ತಪ್ಪದೆ ತಿಳಿಸು.

ಇಂತಿ,
ನಿನ್ನ ಮಾವ