“ಕುರಿ ಅದಾವೇನ್ರಿ ಮನ್ಯಾಗ?”

ನಿನ್ನೆ ರಾತ್ರಿ ಅಪ್ಪ ಕಡೆಯ ಡಾಕ್ಸಿಸೈಕ್ಲಿನ್ ಗುಳಿಗೆ ನುಂಗಿದ. ಮೂರು ತಿಂಗಳ ಕೋರ್ಸ್ ಮುಗಿಯಿತು. ಇವತ್ತು ಬೆಳಿಗ್ಗೆ ಕೋಲು ಹಿಡಿಯದೆ ಕುರಿಹಟ್ಟಿಗೆ ಹೋಗಿಬಂದ. ಅದಕ್ಕೇ ಈ ಬರಹ.

ಎಡ ಮಂಡಿ ಬಾತು ವರ್ಷದ ಮೇಲಾಗಿತ್ತು. ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಮೊದಲು ಸವೆತ ಅಂದರು, ಆಮೇಲೆ ಕೀಲಿನ ಟಿಬಿ ಇರಬಹುದು ಅಂದರು. ಎರಡು ಸಲ ಮಂಡಿಯ ನೀರು ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕೊಟ್ಟರೂ ಏನೂ ಬೆಳೆದಿಲ್ಲವೆಂದೇ ರಿಪೋರ್ಟ್. ನಾವೂ ಸುಮ್ಮನಿರಲಿಲ್ಲ ಬಿಡಿ. ಎಣ್ಣೆ, ಹರಕೆ ಎಲ್ಲ ಆಯಿತು.

ಕಡೆಗೆ ಸಿಕ್ಕ ಆ ಹುಡುಗ ಡಾಕ್ಟರು ಮಂಡಿ ಮುಟ್ಟುವ ಮೊದಲೇ ಕೇಳಿದ್ದು: “ಯಜಮಾನ್ರ, ಕುರಿ ಅದಾವೇನ್ರಿ ಮನ್ಯಾಗ? ಕಂದು ಹಾಕ್ಯಾವೇನು?” ಅಪ್ಪ ಬೆರಳು ಮಡಚಿ ಎಣಿಸಿದ. ಆರು. ಸತ್ತ ಮರಿ, ಮಾಸು ಎಲ್ಲ ಬರಿಗೈಯಲ್ಲೇ ಎಳೆದಿದ್ದ. “ಮತ್ತ ಯಾರ್ ತಗೀಬೇಕ್ರಿ?” ಅಂತ ಡಾಕ್ಟರನ್ನೇ ಕೇಳಿದ.

ಕುರಿಯ ಗರ್ಭ ಇಳಿಸುವ ಕಂದು ರೋಗವೇ (ಬ್ರುಸೆಲ್ಲೋಸಿಸ್) ಅಪ್ಪನ ಮಂಡಿಯಲ್ಲಿ ಕೂತಿತ್ತು. ರಕ್ತ ಪರೀಕ್ಷೆ ಅದನ್ನೇ ಹೇಳಿತು. ಡಾಕ್ಟರು ಅಷ್ಟಕ್ಕೇ ಬಿಡದೆ ಮತ್ತೆ ನೀರು ತೆಗೆದು, ‘ಬ್ರುಸೆಲ್ಲಾ ಅನುಮಾನ, ಹುಷಾರು’ ಅಂತ ಲ್ಯಾಬಿಗೆ ಮೊದಲೇ ಫೋನ್ ಮಾಡಿದರು. ಕಲ್ಚರ್ ಮಾಡುವವರಿಗೇ ಅಂಟುವ ಬ್ಯಾಕ್ಟೀರಿಯಾ ಅದು, ಬೆಳೆಯುವುದೂ ನಿಧಾನ. ಉಳಿದವುಗಳ ಹಾಗೆ ಐದನೇ ದಿನಕ್ಕೆ ಬಾಟಲಿ ಎಸೆಯದೆ ದಿನಾ ಎತ್ತಿ ನೋಡುತ್ತಿದ್ದ ಲ್ಯಾಬಿನ ಅಕ್ಕಾ, ನಿಮ್ಮ ಮುಖ ನಾನು ಸರಿಯಾಗಿ ನೋಡಿಲ್ಲ, ಮಾಸ್ಕ್ ಇತ್ತು. 11ನೇ ದಿನ ಬೆಳೆಯಿತು: ಬ್ರುಸೆಲ್ಲಾ ಮೆಲಿಟೆನ್ಸಿಸ್.

ಮೆಲಿಟೆನ್ಸಿಸ್ ಅನ್ನುವ ಹೆಸರು ಮಾಲ್ಟಾ ದ್ವೀಪದ್ದಂತೆ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಬ್ರಿಟಿಷ್ ಸೇನಾ ವೈದ್ಯ ಅಲ್ಲಿ ಪತ್ತೆ ಹಚ್ಚಿದ್ದು. ಆಡಿನಿಂದ ಬರುತ್ತದೆಂದು ತಿಳಿಯಲು 1905 ಆಯಿತು. “ನಮ್ಮ ಕುರಿ ಅಷ್ಟ್ ದೂರ ಹೋಗಿಲ್ರಿ” ಅಂದ ಅಪ್ಪ.

21 ದಿನ ಮನೆಗೇ ಬಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಟ್ಟ ನಮ್ಮೂರ ಸಿಸ್ಟರ್‌ಗೆ ಶರಣು. ರಿಫಾಂಪಿಸಿನ್ ಶುರುವಾದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಅವ್ವ ಹೆದರಿ ಅತ್ತಾಗ, ರಾತ್ರಿ ಹತ್ತಕ್ಕೆ ಫೋನೆತ್ತಿ ಸಮಾಧಾನ ಮಾಡಿದ್ದೂ ಅವರೇ. ಹಟ್ಟಿಯ ಅಷ್ಟೂ ಕುರಿಗಳ ರಕ್ತ ತೆಗೆದು, ರೋಗ ಇದ್ದವನ್ನು ಬೇರೆ ಮಾಡಿಸಿದ ಪಶುವೈದ್ಯರಿಗೂ ಶರಣು. ಅಪ್ಪ ಅವರ ಜತೆ ಎರಡು ದಿನ ಮಾತು ಬಿಟ್ಟಿದ್ದ.

ಈಗ ಹಟ್ಟಿಯ ಗೂಟಕ್ಕೆ ಕೈಗವಸಿನ ಚೀಲ ತೂಗುಹಾಕಿದ್ದೇವೆ. ಮೊನ್ನೆ ಕುರಿ ಈಯುವಾಗ ಅಪ್ಪ ಹಾಕಿಕೊಂಡ, ಗೊಣಗುತ್ತಲೇ: “ಜಾರ್ತಾವ ಇವು.”